ಮೊಬೈಲಿಗೆ ಆಂಟಿವೈರಸ್ ಹಾಕಿಸಬೇಕೇ?



ಮಹಾಗಾಂವ ಕ್ರಾಸಿನ ಸುತ್ತಮುತ್ತಲ ಸಂಘದ ಸಭೆಗಳಿಗೆ ಹೋದಾಗ ಈಗ ಸಾಲ-ಉಳಿತಾಯದ ಲೆಕ್ಕಕ್ಕಿಂತ ಮೊಬೈಲಿನ ಪ್ರಶ್ನೆಗಳೇ ನಮಗೆ ಹೆಚ್ಚು ಎದುರಾಗುತ್ತವೆ. "ಸಿಸ್ಟರ್, ಫೋನಿಗಿ ವೈರಸ್ ಬರ್ತದಂತ. ರೊಕ್ಕ ಕೊಟ್ರ ಆಂಟಿವೈರಸ್ ಹಾಕಿ ಕೊಡ್ತಾರಂತ. ಹಾಕಸಬೇಕೇನ್ರಿ?" ಕೇಳುವವರಿಗೆ ಚಿಂತೆ ಇರುವುದು ನಿಜ. ಗೃಹಲಕ್ಷ್ಮಿಯ ಎರಡು ಸಾವಿರ, ಪಿಎಂ ಕಿಸಾನ್ ಕಂತು, ತೊಗರಿ ಮಾರಿದ ರೊಕ್ಕ ಎಲ್ಲವೂ ಬ್ಯಾಂಕಿನಲ್ಲಿದ್ದರೂ ಅದರ ಕೀಲಿಕೈ ಮನೆಯ ಮೊಬೈಲಿನಲ್ಲಿದೆ. ಎಷ್ಟೋ ಮನೆಗಳಲ್ಲಿ ಖಾತೆ ತಾಯಿಯದು, ಮೊಬೈಲು ಮಗನದು.

ಮೊದಲೇ ಹೇಳಿಬಿಡುತ್ತೇವೆ: ದುಡ್ಡು ಕೊಟ್ಟು ಆಂಟಿವೈರಸ್ ಹಾಕಿಸುವ ಅಗತ್ಯ ನಮ್ಮಲ್ಲಿ ಬಹುತೇಕ ಮಂದಿಗೆ ಇಲ್ಲ. ಹಾಗಂತ ಅಪಾಯವಿಲ್ಲವೆಂದು ತಿಳಿಯಬೇಡಿ. ಅಪಾಯ ಬರುವ ದಾರಿ ಬೇರೆ.

ಹಿಂದೆ ಕಂಪ್ಯೂಟರಿಗೆ ಒಂದು ಪೆನ್‌ಡ್ರೈವ್ ಚುಚ್ಚಿದರೆ ಸಾಕಿತ್ತು, ನಮಗೆ ಗೊತ್ತಿಲ್ಲದೆ ವೈರಸ್ ಒಳಗೆ ಬಂದು ಎಲ್ಲ ಫೈಲುಗಳಿಗೂ ಹತ್ತುತ್ತಿತ್ತು. ಆ ಹೆದರಿಕೆಯೇ ಮೊಬೈಲಿಗೂ ಬಂದಿದೆ. ಆದರೆ ಆಂಡ್ರಾಯ್ಡ್ ಮೊಬೈಲು ವಠಾರದ ಹಾಗೆ. ಪ್ರತಿಯೊಂದು ಆಪ್‌ಗೂ ಬೇರೆ ಬೇರೆ ಕೋಣೆ, ಒಬ್ಬರ ಕೋಣೆಗೆ ಇನ್ನೊಬ್ಬರು ಸುಲಭವಾಗಿ ನುಗ್ಗುವಂತಿಲ್ಲ. ಆಂಟಿವೈರಸ್ ಕೂಡ ಅಲ್ಲಿ ಒಬ್ಬ ಬಾಡಿಗೆದಾರನೇ. ಯಾರು ಬಂದರು ಎಂದು ಬಾಗಿಲಲ್ಲಿ ನೋಡಬಲ್ಲದು, ಒಳಗೆ ಏನು ನಡೆದಿದೆ ಎಂದು ನೋಡಲಾರದು.

ಅದೂ ಎಲ್ಲವೂ ನೋಡುವುದಿಲ್ಲ. 2019ರಲ್ಲಿ ಆಸ್ಟ್ರಿಯಾ ದೇಶದ ಎವಿ-ಕಂಪ್ಯಾರಟಿವ್ಸ್ ಎಂಬ ಸಂಸ್ಥೆ 250 ಆಂಟಿವೈರಸ್ ಆಪ್‌ಗಳನ್ನು ಪರೀಕ್ಷೆ ಮಾಡಿತು. ಕೆಟ್ಟ ಆಪ್‌ಗಳಲ್ಲಿ ನೂರಕ್ಕೆ ಮೂವತ್ತನ್ನಾದರೂ ಹಿಡಿದವು 80 ಮಾತ್ರ. ಇನ್ನು 2014ರಲ್ಲಿ 'ವೈರಸ್ ಶೀಲ್ಡ್' ಎಂಬ ಆಪನ್ನು ಸಾವಿರಾರು ಜನ ಸುಮಾರು ನಾಲ್ಕು ಡಾಲರ್ ಕೊಟ್ಟು ಕೊಂಡರು. ಅದು ಮಾಡುತ್ತಿದ್ದ ಕೆಲಸ ಒಂದೇ: ಮುಟ್ಟಿದರೆ ಚಿತ್ರ ಬದಲಾಗುತ್ತಿತ್ತು!

ಕಾವಲುಗಾರ ಈಗಾಗಲೇ ನಿಮ್ಮ ಮೊಬೈಲಿನಲ್ಲಿದ್ದಾನೆ. ಪ್ಲೇ ಸ್ಟೋರ್ ತೆರೆದು ಮೇಲೆ ಬಲಗಡೆ ಇರುವ ನಿಮ್ಮ ಚಿತ್ರ ಮುಟ್ಟಿದರೆ 'ಪ್ಲೇ ಪ್ರೊಟೆಕ್ಟ್' ಎಂದು ಕಾಣುತ್ತದೆ. 2017ರಿಂದ ಈ ಹೆಸರಿನಲ್ಲಿ ಇದೆ, ಪುಕ್ಕಟೆ. ಅದು ಚಾಲೂ ಇದೆಯೇ ನೋಡಿಕೊಳ್ಳಿ. ಅದನ್ನು ಆಫ್ ಮಾಡಲು ಯಾರಾದರೂ ಫೋನಿನಲ್ಲಿ ಹೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ. ಇಷ್ಟಾಗಿಯೂ ಇನ್ನೊಂದು ಬೇಕೆನ್ನುವವರಿಗೆ ಕೇಂದ್ರ ಸರ್ಕಾರದ ಸಿ-ಡ್ಯಾಕ್ ಸಂಸ್ಥೆ ಮಾಡಿದ 'ಎಂ-ಕವಚ್ 2' ಪುಕ್ಕಟೆ ಸಿಗುತ್ತದೆ.

ಈಗ ನಿಜವಾದ ಅಪಾಯಕ್ಕೆ ಬರೋಣ. 2022ರಲ್ಲಿ ನಮ್ಮ ಜಿಲ್ಲೆಯ ತೊಗರಿ ನೆಟೆ ರೋಗಕ್ಕೆ ಒಣಗಿದ್ದು ನೆನಪಿದೆಯಲ್ಲ? ಕಾಯಿಕೊರಕ ಹುಳಕ್ಕೆ ಎಣ್ಣೆ ಹೊಡೆದ ಹಾಗೆ ನೆಟೆ ರೋಗಕ್ಕೆ ಎಲೆ ಮೇಲೆ ಹೊಡೆದರೆ ಉಪಯೋಗವಿಲ್ಲ. ಅದು ಮಣ್ಣಿನಿಂದ ಬೇರಿಗೆ ಬರುತ್ತದೆ, ಬಿತ್ತುವ ಮೊದಲೇ ಬೀಜೋಪಚಾರ ಮಾಡಬೇಕು. ಮೊಬೈಲಿನದೂ ಹಾಗೇ.

ವಾಟ್ಸಾಪಿನಲ್ಲಿ ಒಂದು ಫೈಲು ಬರುತ್ತದೆ. ಹೆಸರು 'ಪಿಎಂ ಕಿಸಾನ್', 'ಗಾಡಿ ದಂಡದ ಚಲನ್' ಅಥವಾ 'ಮದುವೆ ಕಾರ್ಡು'. ಕಳಿಸಿದವರು ಅಪರಿಚಿತರೇ ಆಗಿರಬೇಕಿಲ್ಲ, ನಿಮ್ಮ ತಂಗಿಯ ನಂಬರಿನಿಂದಲೂ ಬರಬಹುದು, ಯಾಕೆಂದರೆ ಅವಳ ಮೊಬೈಲು ಆಗಲೇ ಸಿಕ್ಕಿಬಿದ್ದಿರುತ್ತದೆ. ಫೈಲಿನ ಹೆಸರಿನ ಕೊನೆ ನೋಡಿ. ಚುಕ್ಕಿಯ ನಂತರ ಇಂಗ್ಲಿಷಿನ ಎ, ಪಿ, ಕೆ ಎಂಬ ಮೂರು ಅಕ್ಷರ ಇದ್ದರೆ ಅದು ಕಾರ್ಡೂ ಅಲ್ಲ, ಕಾಗದವೂ ಅಲ್ಲ, ಅದೊಂದು ಆಪ್. ಮುಟ್ಟಿದಾಗ ಮೊಬೈಲು "ಇದು ಎಲ್ಲಿಂದಲೋ ಬಂದದ್ದು, ಒಳಗೆ ಬಿಡಲೇ?" ಎಂದು ಕೇಳುತ್ತದೆ. ಅವಸರದಲ್ಲಿ ಹೂಂ ಅನ್ನುತ್ತೇವೆ. ಆಮೇಲೆ ಆ ಆಪ್ ಎಸ್ಎಂಎಸ್ ಓದಲು ಅನುಮತಿ ಕೇಳುತ್ತದೆ. ಅದಕ್ಕೂ ಹೂಂ ಅಂದರೆ ಬ್ಯಾಂಕಿನ ಓಟಿಪಿ ನೀವು ನೋಡುವ ಮೊದಲೇ ಕಳ್ಳನಿಗೆ ಮುಟ್ಟುತ್ತದೆ. ವಠಾರದ ಗೋಡೆ ಗಟ್ಟಿ ಇದ್ದರೇನು, ಬಾಗಿಲು ತೆರೆದವರು ನಾವೇ. ಇಂಥ ಫೈಲುಗಳನ್ನು ಹೊಸ ಹೊಸ ರೂಪದಲ್ಲಿ ಬಿಡುತ್ತಲೇ ಇರುತ್ತಾರಾದ್ದರಿಂದ ನಿನ್ನೆಯ ಗುರುತು ಹಿಡಿದು ಹುಡುಕುವ ಆಂಟಿವೈರಸ್‌ಗೆ ಇವತ್ತಿನದು ತಪ್ಪಿಹೋಗಬಹುದು.

ಕೆಲವು ಸಲ ವೈರಸ್ಸೇ ಬೇಕಾಗುವುದಿಲ್ಲ. 2025ರ ಸೆಪ್ಟೆಂಬರಿನಲ್ಲಿ ನಟ ಉಪೇಂದ್ರ ಅವರ ಪತ್ನಿ ಪ್ರಿಯಾಂಕಾ ಅವರಿಗೆ ಪಾರ್ಸೆಲ್ ತಲುಪಿಸುವ ನೆಪದಲ್ಲಿ ನಕ್ಷತ್ರ, ಹ್ಯಾಶ್ ಚಿಹ್ನೆ ಇರುವ ನಂಬರ್ ಒತ್ತಿಸಿದರು. ಇಂಥ ನಂಬರಿನಿಂದ ನಮಗೆ ಬರುವ ಕರೆಗಳು ಕಳ್ಳನ ಫೋನಿಗೆ ತಿರುಗಿಬಿಡಬಹುದು. ಅವರ ವಾಟ್ಸಾಪ್ ಕಳ್ಳರ ಪಾಲಾಯಿತು, ಪರಿಚಿತರಿಗೆಲ್ಲ ಹಣ ಕೇಳುವ ಸಂದೇಶ ಹೋಯಿತು, ಕೆಲವರು ನಂಬಿ ಕಳಿಸಿಯೂ ಬಿಟ್ಟರು. ಯಾವ ಆಂಟಿವೈರಸ್ ಇದನ್ನು ತಡೆಯುತ್ತಿತ್ತು? ನಿಮಗೂ ಹಾಗಾಗಿದೆ ಎಂಬ ಸಂಶಯ ಬಂದರೆ ಎರಡು ಹ್ಯಾಶ್, 002, ಮತ್ತೊಂದು ಹ್ಯಾಶ್ ಒತ್ತಿ ಕರೆ ಮಾಡಿ, ತಿರುಗಿಸಿದ ಕರೆಗಳು ರದ್ದಾಗುತ್ತವೆ. 2024ರ ಕೊನೆಗೆ ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಂತೂ ಬ್ಯಾಂಕಿನವರ ವೇಷದಲ್ಲಿ ಹೊಸ ಮೊಬೈಲನ್ನೇ ಉಡುಗೊರೆ ಕಳಿಸಿದ್ದರು. ಕೆಟ್ಟ ಆಪ್ ಒಳಗೇ ಇತ್ತು. ಸಿಮ್ ಹಾಕಿದವರ 2.8 ಕೋಟಿ ರೂಪಾಯಿ ಹೋಯಿತು. ಓದು ಬರಹ ಕಲಿತ ಪಟ್ಟಣದ ಮಂದಿಯೂ ಸಿಕ್ಕಿಬೀಳುತ್ತಾರೆ, ಇದರಲ್ಲಿ ನಾಚಿಕೆ ಪಡುವಂಥದ್ದಿಲ್ಲ.

ಆಂಟಿವೈರಸ್‌ಗೆ ಕೊಡುವ ದುಡ್ಡಿಗೆ ಇನ್ನಷ್ಟು ಸೇರಿಸಿ ಒಂದು ಸಾದಾ ಬಟನ್ ಫೋನು ತಂದುಕೊಳ್ಳುವುದು ನಮ್ಮ ದೃಷ್ಟಿಯಲ್ಲಿ ಲೇಸು. ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ ಅದರಲ್ಲಿರಲಿ, ತಾಯಿಯ ಹತ್ತಿರವೇ ಇರಲಿ. ಎಪಿಕೆ ಅಲ್ಲಿ ಕೂರುವುದಿಲ್ಲ, ಮಗ ಆಟದ ಆಪ್ ಹಾಕಿಕೊಂಡರೂ ಓಟಿಪಿ ಅಲ್ಲಿಗೆ ಹೋಗುವುದಿಲ್ಲ. ಹಳೆಯ ಸ್ಮಾರ್ಟ್‌ಫೋನ್ ಇರುವವರು ಸೆಟ್ಟಿಂಗ್ಸ್‌ನಲ್ಲಿ 'ಸೆಕ್ಯೂರಿಟಿ ಅಪ್‌ಡೇಟ್' ತಾರೀಖು ನೋಡಿ. ಎರಡು-ಮೂರು ವರ್ಷ ಹಿಂದಿನದಾಗಿದ್ದರೆ ಆ ಮೊಬೈಲಿನಲ್ಲಿ ಬ್ಯಾಂಕಿನ ಆಪ್ ಬೇಡವೇ ಬೇಡ.

ಅಕಸ್ಮಾತ್ ಫೈಲು ಮುಟ್ಟಿಬಿಟ್ಟರೆ ಮೊದಲು ನೆಟ್ ಬಂದ್ ಮಾಡಿ. ಬೇರೆ ಫೋನಿನಿಂದ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೆ ಹೇಳಿ ಖಾತೆ ತಡೆಹಿಡಿಸಿ. ಬಂದ ಸಂದೇಶ ಅಳಿಸಬೇಡಿ, ಫೋಟೋ ತೆಗೆದಿಟ್ಟುಕೊಂಡು ಪೊಲೀಸ್ ಠಾಣೆಗೆ ಹೋಗಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಾ ಹೋಗುವುದರಿಂದ ಮೊದಲ ಒಂದೆರಡು ಗಂಟೆಯಲ್ಲಿ ತಿಳಿಸಿದರೆ ಎಲ್ಲಾದರೂ ತಡೆಯುವ ಸಾಧ್ಯತೆ ಹೆಚ್ಚು. ಮನೆಯಲ್ಲಿ ಬೈತಾರೆ ಅಂತ ಹೆದರಿ ಮುಚ್ಚಿಡುವ ತಾಯಂದಿರೇ, ಗಂಡನಿಗೆ ಹೇಳುವ ಧೈರ್ಯ ಆಗದಿದ್ದರೆ ಮೊದಲು 1930ಕ್ಕೆ ಹೇಳಿ. ಗಂಡನಿಗೆ ಆಮೇಲೆ ಹೇಳೋಣ, ಬೇಕಾದರೆ ಸಂಘದ ನಾಲ್ಕು ಜನ ನಿಮ್ಮ ಜೊತೆ ಬರುತ್ತೇವೆ.