ಎಂಟನೇ ತರಗತಿಗೆ ಮನೆ ಬದಲಾವಣೆಯ ಆಯವ್ಯಯ: ಮೂರು ಅವಧಿಗಳ ಅನುಭವ

ಅಭ್ಯಾಸ ಬೋಧನೆಗೆ ನನಗೆ ಸಿಕ್ಕಿದ್ದು ಬೆಂಗಳೂರಿನ ಹಳೆಯ ಪೇಟೆಯೊಳಗಿನ ಒಂದು ಸರ್ಕಾರಿ ಪ್ರೌಢಶಾಲೆ. ವಿಷಯ ಗಣಿತ, ತರಗತಿ ಎಂಟು, ಮಕ್ಕಳು ಮೂವತ್ತೊಂದು. ಕ್ಷೇತ್ರಗಣಿತದ ಘಟಕ ಮುಗಿಯುವ ಹಂತದಲ್ಲಿತ್ತು. ಕಲಿತದ್ದನ್ನು ದಿನನಿತ್ಯದ ಬದುಕಿಗೆ ಅನ್ವಯಿಸುವ ಒಂದು ಪಾಠ ಕೊಡಬೇಕೆಂದು ಮಾರ್ಗದರ್ಶಕ ಶಿಕ್ಷಕಿ ಹೇಳಿದ್ದರು. ಅದಕ್ಕೆ ಮನೆ ಬದಲಾವಣೆಯ ಖರ್ಚುವೆಚ್ಚ ಎಂಬ ವಸ್ತುವನ್ನು ನಾನೇ ಆರಿಸಿಕೊಂಡೆ. ಬಾಡಿಗೆ ಮನೆಯಲ್ಲಿ ಬೆಳೆದವಳಿಗೆ ಇದು ಗೊತ್ತಿರುವ ವಿಷಯ ಎಂಬ ಧೈರ್ಯ ಇತ್ತು.

ಮೊದಲ ಅವಧಿಯ ಪಾಠ ಯೋಜನೆ ಕಾಗದದ ಮೇಲೆ ಚೆನ್ನಾಗಿಯೇ ಇತ್ತು. ಕಲಿಕಾಂಶ, ಕಲಿಕಾ ಫಲ, ಐದು ಹಂತ, ಎಲ್ಲವೂ ನಮೂನೆಯ ಪ್ರಕಾರ. ಕಪ್ಪುಹಲಗೆಯ ಮೇಲೆ ಒಂದು ಪಟ್ಟಿ ಬರೆದೆ: ಲಾರಿ ಬಾಡಿಗೆ, ಹಮಾಲರ ಕೂಲಿ, ರಟ್ಟಿನ ಪೆಟ್ಟಿಗೆ, ಹೊಸ ಮನೆಯ ಅಡ್ವಾನ್ಸ್, ಮೊದಲ ತಿಂಗಳ ಬಾಡಿಗೆ. ಕೂಡಿ, ಇರುವ ಹಣದಿಂದ ಕಳೆಯಿರಿ, ಉಳಿಕೆ ಎಷ್ಟು ಹೇಳಿ. ನಲವತ್ತು ನಿಮಿಷಕ್ಕೆಂದು ಇಟ್ಟುಕೊಂಡಿದ್ದನ್ನು ಮಕ್ಕಳು ಹನ್ನೆರಡು ನಿಮಿಷದಲ್ಲಿ ಮುಗಿಸಿ ಪುಸ್ತಕ ಮುಚ್ಚಿದರು. ಉತ್ತರ ಎಲ್ಲರದ್ದೂ ಸರಿ. ಆಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಹೇಳಿದ: ‘ಮಿಸ್, ನಿಮ್ಮ ಲಾರಿ ನಮ್ಮ ಗಲ್ಲಿಗೆ ಬರಲ್ಲ.’

ತರಗತಿ ನಕ್ಕಿತು. ನಾನೂ ನಕ್ಕು, ‘ಮತ್ತೆ ಹೇಗಪ್ಪಾ ಸಾಮಾನು ಸಾಗಿಸ್ತೀರಿ?’ ಎಂದೆ. ಒಟ್ಟಿಗೆ ಹತ್ತು ಬಾಯಿ ತೆರೆದವು. ಮನೆಯಿಂದ ಮೇನ್ ರೋಡಿನವರೆಗೆ ತಳ್ಳುಗಾಡಿ. ಅಲ್ಲಿಂದ ಟಾಟಾ ಏಸ್. ಅದೂ ಅಂಗಡಿ ತೆಗೆಯುವ ಮೊದಲು, ಇಲ್ಲವಾದರೆ ಹೆಚ್ಚಿನ ಸಗಟು ಅಂಗಡಿಗಳು ಮುಚ್ಚಿರುವ ಭಾನುವಾರ. ಬೀರು ಮೆಟ್ಟಿಲಲ್ಲಿ ತಿರುಗುವುದಿಲ್ಲ, ಬಾಲ್ಕನಿಯಿಂದ ಹಗ್ಗ ಕಟ್ಟಿ ಇಳಿಸಬೇಕು, ಅದಕ್ಕೆ ಬೇರೆ ದುಡ್ಡು. ಆಷಾಢದಲ್ಲಿ ಯಾರೂ ಮನೆ ಬದಲಾಯಿಸುವುದಿಲ್ಲ. ಉಳಿದ ಇಪ್ಪತ್ತೆಂಟು ನಿಮಿಷ ನಾನು ಪಾಠ ಮಾಡಲಿಲ್ಲ, ಅವರು ಹೇಳಿದ್ದನ್ನು ಬರೆದುಕೊಂಡೆ. ವೀಕ್ಷಣಾ ನಮೂನೆಯಲ್ಲಿ ‘ತರಗತಿ ನಿಯಂತ್ರಣ’ ಎಂಬಲ್ಲಿ ಮೇಡಂ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. ಕೆಳಗೆ ಸಣ್ಣ ಅಕ್ಷರದಲ್ಲಿ, ‘ನಾಳೆ ಇದನ್ನೇ ಮುಂದುವರಿಸಿ’ ಎಂದೂ ಇತ್ತು.

ಊರಿನ ಆ ಭಾಗವನ್ನು ನೋಡದವರಿಗೆ ಒಂದು ಮಾತು. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಪೇಟೆ ಇದು. ದೊಡ್ಡಪೇಟೆ, ಚಿಕ್ಕಪೇಟೆ ಎಂಬ ಎರಡು ಬೀದಿಗಳು ಒಂದನ್ನೊಂದು ಅಡ್ಡ ಹಾಯುತ್ತವೆ. ದೊಡ್ಡಪೇಟೆಯೇ ಇಂದಿನ ಅವೆನ್ಯೂ ರಸ್ತೆ. ಸುತ್ತ ಅಕ್ಕಿಪೇಟೆ, ಬಳೆಪೇಟೆ, ಕುಂಬಾರಪೇಟೆ, ತರಗುಪೇಟೆ, ಹೀಗೆ ಕಸುಬಿನ, ಸರಕಿನ ಹೆಸರಿನ ಬೀದಿಗಳು. ಕೆಳಗೆ ಅಂಗಡಿ, ಮೇಲೆ ಮನೆ. ಈಗ ಮೇಲಿನ ಮನೆಗಳೂ ಒಂದೊಂದಾಗಿ ಗೋಡೌನ್ ಆಗುತ್ತಿವೆ. ನಮ್ಮ ತರಗತಿಯಲ್ಲಿ ಅನೇಕರ ಮನೆಯಲ್ಲಿ ಮನೆ ಬಿಡುವ ಮಾತು ಯಾವಾಗಲಾದರೂ ಬಂದಿರುವಂಥದ್ದೇ. ಇದನ್ನು ಪಾಠ ಬರೆಯುವಾಗ ನಾನು ಯೋಚಿಸಿಯೇ ಇರಲಿಲ್ಲ.

ಎರಡನೇ ಅವಧಿಗೆ ಮೊದಲು ಮೇಡಂ ಒಂದು ಷರತ್ತು ಹಾಕಿದರು: ಯಾವ ಮಗುವಿನ ಮನೆಯ ಲೆಕ್ಕವೂ ಹಲಗೆಯ ಮೇಲೆ ಬರಕೂಡದು. ‘ಯಾರ ಮನೆ ಬಾಡಿಗೆ ಎಷ್ಟು ಅಂತ ಕೇಳಬೇಡಿ, ಅವರಾಗಿ ಹೇಳಿದರೂ ಬರೆಯಬೇಡಿ’ ಎಂದರು. ಆದ್ದರಿಂದ ಕುಂಬಾರಪೇಟೆಯ ವಠಾರದಲ್ಲಿ ಮೊದಲ ಮಹಡಿಯಲ್ಲಿರುವ, ನಾಲ್ಕು ಜನರ ಒಂದು ಕಲ್ಪಿತ ಕುಟುಂಬವನ್ನು ತರಗತಿಯೇ ಕಟ್ಟಿತು. ಅಪ್ಪ ಬಟ್ಟೆ ಅಂಗಡಿಯಲ್ಲಿ ಕೆಲಸ, ಅಮ್ಮ ಹೊಲಿಗೆ. ಹೊಸ ಮನೆ ಅಕ್ಕಿಪೇಟೆಯಲ್ಲಿ, ನಡೆದು ಹೋಗುವಷ್ಟೇ ದೂರ. ದರಗಳನ್ನು ಮಕ್ಕಳೇ ಕೇಳಿಕೊಂಡು ಬಂದರು.

ಆ ದಿನ ಘನಫಲ. ಶಾಲೆಯ ಬೀದಿಯಲ್ಲಿ ನಿಂತಿದ್ದ ಟಾಟಾ ಏಸ್‌ನ ಚಾಲಕರ ಅನುಮತಿ ಪಡೆದು ಐದು ಮಕ್ಕಳು ಟೇಪಿನಿಂದ ಅಳೆದರು. ಸಾಮಾನಿಡುವ ಜಾಗ ಉದ್ದ ಏಳು ಅಡಿ ಚಿಲ್ಲರೆ, ಅಗಲ ಐದಕ್ಕೆ ಒಂದೆರಡು ಅಂಗುಲ ಕಡಿಮೆ. ಏಳು, ಐದು ಎಂದು ಇಟ್ಟುಕೊಂಡು, ಐದು ಅಡಿ ಎತ್ತರ ಪೇರಿಸಬಹುದು ಎಂದರೆ 175 ಘನ ಅಡಿ. ಗಲ್ಲಿಯನ್ನೂ ಅಳೆದೆವು. ಗೋಡೆಯಿಂದ ಗೋಡೆಗೆ ಆರು ಅಡಿ, ನಿಲ್ಲಿಸಿದ ಸ್ಕೂಟರುಗಳನ್ನು ಬಿಟ್ಟರೆ ನಾಲ್ಕು. ತಳ್ಳುಗಾಡಿ ಯಾಕೆ ಬೇಕು ಎಂಬುದಕ್ಕೆ ಬೇರೆ ವಿವರಣೆ ಬೇಕಾಗಲಿಲ್ಲ.

ಸಾಮಾನಿನ ಪಟ್ಟಿ ಗುಂಪುಗಳಲ್ಲಿ ಮಾಡಿದರು. ಆರೂವರೆ ಅಡಿ ಎತ್ತರ, ಮೂರು ಅಡಿ ಅಗಲ, ಒಂದೂವರೆ ಅಡಿ ದಪ್ಪದ ಬೀರು 29.25 ಘನ ಅಡಿ. ಫ್ರಿಜ್ 20. ಬಿಚ್ಚಿದ ಮಂಚ 12, ಸುತ್ತಿದ ಹಾಸಿಗೆ 12. ಹತ್ತು ರಟ್ಟಿನ ಪೆಟ್ಟಿಗೆ 45, ಪಾತ್ರೆ ಬಟ್ಟೆಯ ಆರು ಮೂಟೆ 36, ಮೇಜು ಕುರ್ಚಿ 30. ಟೀವಿ, ಮಿಕ್ಸಿ, ಒಲೆ, ಸಿಲಿಂಡರ್ ಸೇರಿ 20. ಒಟ್ಟು 204.25. ಭಾಗಿಸಿದರೆ 1.17 ಸಲ ಬಂತು. ‘1.17 ಸಲ ಗಾಡಿ ಓಡುತ್ತಾ?’ ಎಂದು ಕೇಳಿದ್ದಕ್ಕೆ ಎರಡು ಎಂದರು. ದಶಮಾಂಶವನ್ನು ಇಲ್ಲಿ ಮೇಲಕ್ಕೇ ಅಂದಾಜಿಸಬೇಕು ಎಂಬುದು ಅಲ್ಲೇ ತಿಳಿಯಿತು. ಒಬ್ಬಳು ಗಮನಿಸಿದಳು: ಹೆಚ್ಚಾಗಿರುವುದು 29.25, ಅಂದರೆ ಸರಿಯಾಗಿ ಬೀರು. ಬೀರನ್ನು ತಳ್ಳುಗಾಡಿಯಲ್ಲೇ ಹೊಸ ಮನೆಯವರೆಗೆ ತಳ್ಳಿಬಿಟ್ಟರೆ ಒಂದು ಟ್ರಿಪ್ ಉಳಿಯಿತಲ್ಲ! ಹಮಾಲಿ ಕೆಲಸದ ಮನೆಯ ಹುಡುಗನೊಬ್ಬ ಒಪ್ಪಲಿಲ್ಲ. ಸಾಮಾನು ನೀರಲ್ಲ, ಮಧ್ಯೆ ಸಂದು ಉಳಿಯುತ್ತದೆ, 175ಕ್ಕೆ 175 ಯಾವತ್ತೂ ತುಂಬುವುದಿಲ್ಲ ಎಂದ. ಎರಡು ಟ್ರಿಪ್ಪೇ ಇರಲಿ ಎಂದು ತೀರ್ಮಾನವಾಯಿತು. ಘನಫಲದ ಸೂತ್ರ ಎಲ್ಲಿಯವರೆಗೆ ಉಪಯೋಗಕ್ಕೆ ಬರುತ್ತದೆ ಎಂಬುದನ್ನು ನನ್ನ ಯೋಜನೆಯಲ್ಲಿ ಬರೆದಿರಲಿಲ್ಲ. ಆ ಮಾತು ಅವನದು.

ಮೂರನೇ ಅವಧಿಗೆ ಹಣ. ಎಲ್ಲ ಬಾಬ್ತುಗಳನ್ನೂ ಸೇರಿಸಿ ಪಟ್ಟಿ ಹೀಗಾಯಿತು: ಹೊಸ ಬಾಡಿಗೆ 7,500, ಬೆಂಗಳೂರಿನ ರೂಢಿಯಂತೆ ಹತ್ತು ತಿಂಗಳ ಅಡ್ವಾನ್ಸ್ 75,000, ಮೊದಲ ತಿಂಗಳ ಬಾಡಿಗೆ 7,500, ಬ್ರೋಕರಿಗೆ ಒಂದು ತಿಂಗಳ ಬಾಡಿಗೆ 7,500, ಹನ್ನೊಂದು ತಿಂಗಳ ಕರಾರು ಪತ್ರಕ್ಕೆ ಛಾಪಾ ಕಾಗದ, ಟೈಪಿಂಗ್ ಸೇರಿ 600. ಗಾಡಿ ಎರಡು ಟ್ರಿಪ್ 1,800, ಇಬ್ಬರು ಹಮಾಲರು 1,800, ತಳ್ಳುಗಾಡಿ 500, ಗೋಣಿ ಹಗ್ಗ ಪೆಟ್ಟಿಗೆ 300, ಫ್ಯಾನ್ ಬಿಚ್ಚಿ ಹಾಕಲು 500, ಹಾಲುಕ್ಕಿಸುವ ಪೂಜೆಗೆ 500. ಒಟ್ಟು 96,000. ಹನ್ನೊಂದೇ ತಿಂಗಳು ಯಾಕೆ ಎಂದು ಒಬ್ಬ ಕೇಳಿದ. ಒಂದು ವರ್ಷ ಮೀರಿದ ಕರಾರನ್ನು ಕಡ್ಡಾಯವಾಗಿ ನೋಂದಾಯಿಸಬೇಕು ಎಂದು ಹೇಳಿ ಮುಂದೆ ಹೋದೆ.

ಬರುವ ಹಣ: ಉಳಿತಾಯ 55,000. ಹಳೆಯ ಮನೆಯ ಬಾಡಿಗೆ 5,000, ಅಡ್ವಾನ್ಸ್ 50,000, ಅದರಲ್ಲಿ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಹಿಡಿದು ವಾಪಸ್ ಬರುವುದು 45,000. ಒಟ್ಟು 1,00,000. ಖರ್ಚು ಕಳೆದರೆ 4,000 ಉಳಿಕೆ. ‘ಹಾಗಾದರೆ ಈ ಮನೆಯವರು ಧೈರ್ಯವಾಗಿ ಹೋಗಬಹುದು’ ಎಂದೆ. ಯೋಜನೆಯಲ್ಲಿ ನಾನು ಬರೆದಿದ್ದ ಉತ್ತರವೂ ಅದೇ.

ಎರಡನೇ ಬೆಂಚಿನ ಹುಡುಗಿ, ಮೂರು ದಿನದಲ್ಲಿ ಒಮ್ಮೆಯೂ ಮಾತಾಡದವಳು, ಕೈ ಎತ್ತದೆಯೇ ಹೇಳಿದಳು: ‘ಆಗಲ್ಲ ಮಿಸ್. ಹಳೇ ಅಡ್ವಾನ್ಸು ಮನೆ ಖಾಲಿ ಮಾಡಿದ ಮೇಲೆ ಕೊಡೋದು. ಹೊಸದು ಬೀಗದ ಕೈ ಕೊಡೋಕೆ ಮುಂಚೆ ಕೇಳ್ತಾರೆ.’

ನನ್ನ ಕೈಯಲ್ಲಿದ್ದ ಸೀಮೆಸುಣ್ಣ ಹಾಗೇ ನಿಂತಿತು. ನಾನೇ ಎಷ್ಟೋ ಸಲ ಕಂಡಿದ್ದ ಸಂಗತಿ. ನಮ್ಮ ಅಮ್ಮ ಬಳೆ ಅಡವಿಟ್ಟದ್ದು ಇಂಥದೇ ಹತ್ತು ದಿನಕ್ಕಾಗಿ. ಆದರೂ ಪಾಠ ಬರೆಯುವಾಗ ಕೂಡುವ ಕಳೆಯುವ ಲೆಕ್ಕವಷ್ಟೇ ಕಣ್ಣಿಗೆ ಬಿದ್ದಿತ್ತು. ಪಟ್ಟಿಯ ಎಡಕ್ಕೆ ‘ದಿನ’ ಎಂಬ ಒಂದು ಅಂಕಣ ಎಳೆದು, ಎಲ್ಲವನ್ನೂ ಮತ್ತೆ ಬರೆಸಿದೆ.

ಮೊದಲ ದಿನ ಟೋಕನ್ 5,000, ಕೈಯಲ್ಲಿ 50,000. ಬೀಗದ ಕೈ ಪಡೆಯುವ ದಿನ ಉಳಿದ ಅಡ್ವಾನ್ಸ್ 70,000, ಬಾಡಿಗೆ, ಬ್ರೋಕರ್, ಕರಾರು ಸೇರಿ 85,600. ಕೈಯಲ್ಲಿ ಋಣ 35,600. ಸಾಮಾನು ಸಾಗಿಸುವ ಭಾನುವಾರ 5,400. ಈಗ ಋಣ 41,000. ಅದಾಗಿ ಒಂದು ವಾರ ಹತ್ತು ದಿನ ಕಳೆದ ಮೇಲೆ 45,000 ಬಂದು ಧನ 4,000. ಕೊನೆಯ ಉತ್ತರ ಮೊದಲಿನದ್ದೇ. ಆದರೆ ಮಧ್ಯದ ಹತ್ತು ದಿನ ಆ ಮನೆಯವರ ಹತ್ತಿರ 41,000 ರೂಪಾಯಿ ಇಲ್ಲ. ಏಳನೇ ತರಗತಿಯಲ್ಲಿ ಕಲಿತ ಪೂರ್ಣಾಂಕಗಳ ಸಂಖ್ಯಾರೇಖೆಯನ್ನು ಹಲಗೆಯ ಉದ್ದಕ್ಕೂ ಎಳೆದು ಪ್ರತಿ ದಿನದ ಸ್ಥಾನವನ್ನು ಗುರುತಿಸಿದೆವು. ಸೊನ್ನೆಯ ಎಡಕ್ಕೆ ಹೋಗುವುದು ಎಂದರೇನು ಎಂದು ಆ ದಿನ ಯಾರೂ ಕೇಳಲಿಲ್ಲ.

ಆಮೇಲೆ ನಡೆದದ್ದು ಈ ಪಾಠದ ನಿಜವಾದ ಭಾಗ. ಆ ಹಣ ಎಲ್ಲಿಂದ ಬರುತ್ತದೆ? ಚೀಟಿ ಎತ್ತುವುದು, ಒಡವೆ ಅಡವು, ಅಂಗಡಿ ಸಾಹುಕಾರರ ಹತ್ತಿರ ಕೇಳುವುದು, ಸ್ವಸಹಾಯ ಸಂಘ, ಮೂರು ರೂಪಾಯಿ ಬಡ್ಡಿಯ ಕೈಸಾಲ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿಯಂತೆ 41,000ಕ್ಕೆ 1,230. ಹತ್ತು ದಿನಕ್ಕೆ ತೆಗೆದುಕೊಂಡರೂ ಪೂರ್ತಿ ತಿಂಗಳ ಬಡ್ಡಿ. ಉಳಿಕೆ 2,770ಕ್ಕೆ ಇಳಿಯಿತು. ಹಳೆಯ ಮಾಲೀಕರು ಮೂರು ತಿಂಗಳು ಸತಾಯಿಸಿದರೆ 310. ನಾಲ್ಕನೇ ತಿಂಗಳು ಮನೆಯವರೇ 920 ಕೈಯಿಂದ ಹಾಕಬೇಕು. ಸರಳಬಡ್ಡಿಯನ್ನು ಇಷ್ಟು ಆಸಕ್ತಿಯಿಂದ ಮಾಡಿದ ತರಗತಿಯನ್ನು ನಾನು ಕಂಡಿಲ್ಲ, ಆದರೆ ನಾನು ಕಂಡ ತರಗತಿಗಳೂ ಕಡಿಮೆಯೇ.

ಖರ್ಚು ಒಂದು ರೂಪಾಯಿಯೂ ಕಡಿಮೆಯಾಗದೆ ಕೊರತೆ ಕಡಿಮೆ ಮಾಡಲು ಆಗುತ್ತದೆಯೇ ಎಂದು ಕೇಳಿದೆ. ಸ್ವಲ್ಪ ಹೊತ್ತು ಬೇಕಾಯಿತು. ಹೊಸ ಮಾಲೀಕರು 30,000ವನ್ನು ಹದಿನೈದು ದಿನ ಬಿಟ್ಟು ತೆಗೆದುಕೊಂಡರೆ ಕೊರತೆ 11,000ಕ್ಕೆ ಬರುತ್ತದೆ ಎಂದು ಒಂದು ಗುಂಪು ಲೆಕ್ಕ ಹಾಕಿತು. ಹಳೆಯ ಮಾಲೀಕರು 20,000 ಮೊದಲೇ ಕೊಟ್ಟರೆ 21,000 ಎಂದು ಇನ್ನೊಂದು. ‘ಕೇಳೋದಕ್ಕೆ ಏನು ಖರ್ಚು?’ ಎಂದ ಲಾರಿಯ ಹುಡುಗ.

ಸುಂಕದಕಟ್ಟೆಯ ಕಡೆಗೆ ಹೋದರೆ ಅಗ್ಗವಲ್ಲವೇ ಎಂಬ ಪ್ರಶ್ನೆಗೆ ಕೊನೆಯ ಹತ್ತು ನಿಮಿಷ ಕೊಟ್ಟೆ. ಅಲ್ಲಿ ಬಾಡಿಗೆ 5,500, ಅಡ್ವಾನ್ಸ್ 55,000 ಎಂದು ಇಟ್ಟುಕೊಂಡೆವು. ಗಾಡಿಗೆ ಒಂದು ಸಾವಿರ ಹೆಚ್ಚಾದರೂ ಕೊರತೆ 18,000ಕ್ಕೆ ಇಳಿಯುತ್ತದೆ. ತಿಂಗಳಿಗೆ ಬಾಡಿಗೆಯಲ್ಲಿ 2,000 ಉಳಿಯುತ್ತದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಅಮ್ಮನಿಗೂ ಮಗಳಿಗೂ ಬಸ್ ಉಚಿತ. ಅಪ್ಪನಿಗೆ ಒಂದು ಕಡೆಗೆ 24 ರೂಪಾಯಿ ಎಂದರೆ, 26 ದಿನಕ್ಕೆ 1,248. ನಿಜವಾಗಿ ಉಳಿಯುವುದು 752. ದಿನಕ್ಕೆ ಬಸ್ಸಿನಲ್ಲಿ ಕಳೆಯುವ ಹೊತ್ತಿಗೆ ಎಷ್ಟು ರೂಪಾಯಿ ಹಾಕುವುದು ಎಂದು ಒಬ್ಬಳು ಕೇಳಿದಳು. ಹೊಲಿಗೆಯ ಕೂಲಿಯಲ್ಲಿ ಹಾಕಿ ನೋಡು ಎಂದೆ. ವರ್ಷದ ಮಧ್ಯೆ ವರ್ಗಾವಣೆ ಪತ್ರ ತೆಗೆದುಕೊಂಡು ಶಾಲೆ ಬಿಡುವುದನ್ನು ಯಾವ ಅಂಕಣದಲ್ಲಿ ಬರೆಯುವುದು ಎಂಬುದು ತೀರ್ಮಾನವಾಗಲಿಲ್ಲ. ಗಂಟೆ ಹೊಡೆಯಿತು.

ಮುಂದಿನ ತಂಡದವರು ಈ ಪಾಠವನ್ನು ಎತ್ತಿಕೊಳ್ಳುವುದಾದರೆ ನನ್ನ ಸಲಹೆ: ಮೊದಲ ದಿನದ ಪಟ್ಟಿಯಲ್ಲೇ ದಿನದ ಅಂಕಣ ಎಳೆಯಬೇಡಿ. ಉಳಿಕೆ 4,000 ಎಂಬ ಸರಿಯಾದ ಉತ್ತರ ಮೊದಲು ಬರಲಿ, ಅದು ಸಾಲದು ಎಂಬುದು ಆಮೇಲೆ ಯಾರಿಗಾದರೂ ಹೊಳೆಯಲಿ. ಹೊಳೆಯದಿದ್ದರೆ, ‘ಬೀಗದ ಕೈ ಪಡೆಯುವ ದಿನ ಕೈಯಲ್ಲಿ ಎಷ್ಟಿದೆ?’ ಎಂಬ ಒಂದು ಪ್ರಶ್ನೆ ಸಾಕು. ಮೂರು ಅವಧಿಗೆ ಇದು ಬಿಗಿ, ನಾಲ್ಕು ಬೇಕು. ಮತ್ತು ಮೇಡಂ ಹಾಕಿದ ಷರತ್ತನ್ನು ಬಿಡಬೇಡಿ. ಅದರ ಬೆಲೆ ನನಗೆ ಗೊತ್ತಾದದ್ದು ಕೊನೆಯ ದಿನ.

ಅಂದು ಊಟದ ಬಿಡುವಿನಲ್ಲಿ ಎರಡನೇ ಬೆಂಚಿನ ಹುಡುಗಿ ಸಿಬ್ಬಂದಿ ಕೊಠಡಿಯ ಬಾಗಿಲಿಗೆ ಬಂದಳು. ಕೈಯಲ್ಲಿ ಮಡಿಸಿದ ಒಂದು ಹಾಳೆ. ನಾವು ಮಾಡಿದ್ದ ಪಟ್ಟಿಯೇ, ಆದರೆ ಅಂಕಿಗಳಿರುವ ಭಾಗ ಕಾಣದಂತೆ ಮಡಿಸಿದ್ದಳು. ದಿನದ ಅಂಕಣ ಮಾತ್ರ ನನ್ನ ಕಡೆಗಿತ್ತು. ಅದರಲ್ಲಿ ಮುಂದಿನ ತಿಂಗಳ ತಾರೀಖುಗಳಿದ್ದವು, ಕೆಲವು ದೊಡ್ಡವರ ಕೈಬರಹದಲ್ಲಿ.

‘ಮಿಸ್, ಹಳೇ ಓನರ್ ಅರ್ಧ ಮೊದಲೇ ಕೊಡ್ತೀನಿ ಅಂದರೆ ಯಾವ ಸಾಲಲ್ಲಿ ಬರೆಯೋದು?’

ಟೋಕನ್ ಕೊಡುವ ದಿನಕ್ಕಿಂತ ಮೊದಲು ಸಿಗುತ್ತದೆಯೇ, ಬೀಗದ ಕೈ ಪಡೆಯುವ ದಿನ ಸಿಗುತ್ತದೆಯೇ ಎಂದು ಕೇಳಿದೆ. ಬೀಗದ ಕೈ ಪಡೆಯುವ ದಿನ ಬೆಳಿಗ್ಗೆ ಎಂದಳು. ಹಾಗಾದರೆ ಆ 85,600ರ ಸಾಲಿಗೆ ಮೇಲೆ ಹೊಸದೊಂದು ಸಾಲು, ಬರುವ ಹಣದ ಕಡೆ ಎಂದು ಹೇಳಿದೆ. ನಮ್ಮ ಕಲ್ಪಿತ ಕುಟುಂಬದ ಅಂಕಿಯನ್ನೇ ಹೇಳಿದೆ, ಅವಳದ್ದನ್ನು ಕೇಳಲಿಲ್ಲ. ಹಾಳೆಯನ್ನು ಗೋಡೆಗೆ ಒತ್ತಿ ಹಿಡಿದು, ನನಗೆ ಬೆನ್ನು ತಿರುಗಿಸಿ, ಆ ಸಾಲನ್ನು ಅಲ್ಲೇ ಬರೆದುಕೊಂಡಳು.