ಓದತಕ್ಕ ಗುಣ, ಬರೆಯತಕ್ಕ ಗುಣ

ಕಾಗಿಣಾ ತೀರದ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟವೆಂಬುದು ಸರ್ವವಿದಿತ. ಅಲ್ಲಿಂದ ಆಳಿದ ಅಮೋಘವರ್ಷನ ಸಂಜಾನ ತಾಮ್ರಪಟವು ಕ್ರಿ.ಶ. 871ರ ದಾನಶಾಸನ. ಲೋಹದಲ್ಲಿ ಒಮ್ಮೆ ಕೊರೆದ ಅಕ್ಷರವು ಓದಿದವನಿಗೂ ಕೊರೆಸಿದವನಿಗೂ ಒಂದೇ, ಅದು ಬದಲಾಗದು. ಇಂದು ಅದೇ ಮಳಖೇಡದ ರೈತನ ಹೊಲದ ವಿವರವು ಪಹಣಿಯಲ್ಲಿದೆ. ಪಹಣಿಯನ್ನು ರೈತನು ಓದಬಲ್ಲನು, ತಿದ್ದಲಾರನು. ಆದರೂ ಪಹಣಿಯು ಕಾಲಕಾಲಕ್ಕೆ ಬದಲಾಗುತ್ತದೆ. ಈ ಭೇದವನ್ನು ಗ್ರಹಿಸಿದವನಿಗೆ ಕಂಪ್ಯೂಟರ್ ಶಾಸ್ತ್ರದ ಒಂದು ಸೂಕ್ಷ್ಮವು ಕೈವಶವಾದಂತೆಯೇ.

ಆ ಶಾಸ್ತ್ರದಲ್ಲಿ ಪ್ರೋಗ್ರಾಮಿನ ಪ್ರತಿಯೊಂದು ‘ವಸ್ತು’ವಿಗೂ ‘ಪ್ರಾಪರ್ಟಿ’ಗಳಿರುತ್ತವೆ. ಈ ಪದಕ್ಕೆ ಆಸ್ತಿಯೆಂದೂ ಗುಣವೆಂದೂ ಎರಡರ್ಥ. ಇಲ್ಲಿ ಗುಣವೇ ಗ್ರಾಹ್ಯ, ಉದಾಹರಣೆ ಮಾತ್ರ ಆಸ್ತಿಯದೇ ಆಗಿರುವುದು ಕಾಕತಾಳೀಯ. ವಸ್ತುವು ಹೊರಗಿನವರಿಗೆ ಏನನ್ನು ಒದಗಿಸಬೇಕೆಂಬ ಒಡಂಬಡಿಕೆಗೆ ‘ಇಂಟರ್‌ಫೇಸ್’ ಎಂದು ಹೆಸರು. ಸಿ ಶಾರ್ಪ್ ಭಾಷೆಯಲ್ಲಿ ಒಡಂಬಡಿಕೆಯು ಒಂದು ಗುಣಕ್ಕೆ ‘ಗೆಟ್’ ಎಂಬ ದ್ವಾರವನ್ನಷ್ಟೇ ಹೇಳಿದರೆ ಅದು ಓದತಕ್ಕ ಗುಣ. ‘ಸೆಟ್’ ಎಂಬುದನ್ನೂ ಹೇಳಿದರೆ ಬರೆಯತಕ್ಕ ಗುಣ.

ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ. ಓದತಕ್ಕದ್ದೆಂದರೆ ಬದಲಾಗದ್ದೆಂದು ಅವರು ಭಾವಿಸುತ್ತಾರೆ. ಒಡಂಬಡಿಕೆಯು ‘ಗೆಟ್’ ಒಂದನ್ನೇ ಕೇಳಿದ್ದರೂ ಅದನ್ನು ನೆರವೇರಿಸುವ ಕ್ಲಾಸು ತನ್ನಲ್ಲಿ ‘ಸೆಟ್’ ಅನ್ನೂ ಇರಿಸಿಕೊಳ್ಳಬಹುದು. ಒಡಂಬಡಿಕೆಯ ಮೂಲಕ ಬಂದವನಿಗೆ ಲೇಖನಿ ಸಿಗದು, ಅಷ್ಟೇ. ಒಳಗೆ ಲೇಖನಿಯೇ ಇಲ್ಲವೆಂದಲ್ಲ. ಆದರೆ ಒಡಂಬಡಿಕೆಯು ಎರಡನ್ನೂ ಕೇಳಿದ್ದರೆ ಎರಡನ್ನೂ ಕೊಡಲೇಬೇಕು.

ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿದ್ದ ಪಹಣಿಗಳನ್ನು ಕರ್ನಾಟಕದ ಕಂದಾಯ ಇಲಾಖೆಯು ‘ಭೂಮಿ’ ಯೋಜನೆಯಲ್ಲಿ ಗಣಕೀಕರಿಸಿತು. ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ದಾಖಲೆಗಳು ಹೀಗೆ ಗಣಕಕ್ಕೇರಿದವು. ಸೇಡಂ, ಚಿತ್ತಾಪುರ, ಚಿಂಚೋಳಿಗಳ ರೈತನು ಶುಲ್ಕ ತೆತ್ತು ಪ್ರತಿಯನ್ನು ಪಡೆಯಬಲ್ಲನು. ಇದು ಅವನ ಪಾಲಿನ ‘ಗೆಟ್’. ಹಕ್ಕು ಬದಲಾಯಿಸಬೇಕಾದರೆ ಅರ್ಜಿ, ನೋಟೀಸು, ಆಕ್ಷೇಪಣೆಯ ಅವಧಿ, ಅಧಿಕಾರಿಯ ಆದೇಶ ಇವೆಲ್ಲ ಮುಗಿಯಬೇಕು; ನಮೂದಿಸುವ ನೌಕರನ ಗುರುತನ್ನು ಬೆರಳಚ್ಚಿನಿಂದ ಖಚಿತಪಡಿಸುವ ಏರ್ಪಾಡನ್ನೂ ಮಾಡಲಾಯಿತು. ಇದು ‘ಸೆಟ್’. ಗುಣವನ್ನು ಬಯಲಿನಲ್ಲಿ ಇಟ್ಟುಬಿಡದೆ ದ್ವಾರದ ಹಿಂದೆ ಇರಿಸುವುದೇಕೆಂಬುದು ಇದರಿಂದ ಸ್ಪಷ್ಟ: ದ್ವಾರದಲ್ಲಿ ಬಂದ ಬೆಲೆಯನ್ನು ಪರೀಕ್ಷಿಸಬಹುದು, ಅಸಂಬದ್ಧವಾದುದನ್ನು ಹಿಂತಿರುಗಿಸಬಹುದು.

ಮೇಲಿನ ತಪ್ಪುಗ್ರಹಿಕೆಯ ಫಲವು ಪಾಠಶಾಲೆಯಲ್ಲಿ ಒಂದೆರಡು ಅಂಕ, ಊರಿನಲ್ಲಿ ಹೊಲವೇ. ಪೆಟ್ಟಿಗೆಯಲ್ಲಿ ಹತ್ತು ವರ್ಷ ಮಲಗಿದ ಪಹಣಿಯನ್ನು ನಂಬಿ ಜಮೀನು ಕೊಳ್ಳುವವನು, ತನಗೆ ತಿದ್ದಲಾಗದುದನ್ನು ಯಾರೂ ತಿದ್ದಿರಲಾರರೆಂದು ಎಣಿಸಿದವನು. ಅಷ್ಟರಲ್ಲಿ ಫೋತಿ ಖಾತೆಯಾಗಿರಬಹುದು, ಪಾಲುಪಟ್ಟಿಯಾಗಿರಬಹುದು, ಬ್ಯಾಂಕಿನ ಸಾಲ ಏರಿರಬಹುದು. ಪ್ರೋಗ್ರಾಮಿನಲ್ಲಿಯೂ ಹೀಗೆಯೇ: ಓದತಕ್ಕ ಗುಣವನ್ನು ಒಮ್ಮೆ ಓದಿ ಆ ಬೆಲೆಯನ್ನೇ ಕೊನೆತನಕ ನೆಚ್ಚುವುದು ತರವಲ್ಲ. ತಾಮ್ರಪಟದಂತಹ ಅಚಲತ್ವವೇ ಬೇಕೆಂದರೆ ವಸ್ತುವನ್ನು ಸೃಷ್ಟಿಸುವಾಗಲೇ ಬೆಲೆಯಿತ್ತು ಅನಂತರ ಒಳಗೂ ಹೊರಗೂ ಲೇಖನಿಯಿಲ್ಲದಂತೆ ರಚಿಸಬೇಕು.

ಮತ್ತೊಂದು ತೊಡಕುಂಟು. ಪಹಣಿಯ ಬೆಳೆಗಳ ಪಟ್ಟಿಯನ್ನು ಓದತಕ್ಕ ಗುಣವಾಗಿ ಇರಿಸಿ, ಕೇಳಿದವನಿಗೆ ಮೂಲ ಪಟ್ಟಿಯನ್ನೇ ಕೊಟ್ಟರೆ, ಅವನು ಆ ಪಟ್ಟಿಯ ಬದಲು ಬೇರೊಂದನ್ನು ಇಡಲಾರನು. ಪಟ್ಟಿಯೊಳಗೆ ತೊಗರಿಯನ್ನು ಅಳಿಸಿ ಜೋಳವನ್ನು ಬರೆಯಬಲ್ಲನು. ‘ಸೆಟ್’ ಇಲ್ಲದ ಮಾತ್ರಕ್ಕೆ ಇದು ತಪ್ಪುವುದಿಲ್ಲ. ತಾಲ್ಲೂಕು ಕಚೇರಿಯಲ್ಲಿ ದಾಖಲೆಯ ನಕಲನ್ನೇ ಕೊಡುತ್ತಾರೆ. ನಕಲಿನ ಮೇಲೆ ರೈತನ ಮೊಮ್ಮಗನು ಸೀಸದಕಡ್ಡಿಯಿಂದ ಏನನ್ನು ಗೀಚಿದರೂ ಮೂಲದ ತೊಗರಿ ತೊಗರಿಯಾಗಿಯೇ ಉಳಿಯುತ್ತದೆ.