ಬಾಯಿಯ ದುರ್ಗಂಧ

ಇತರರ ಬಾಯಿಯ ದುರ್ಗಂಧವನ್ನು ಅರಿಯುವುದು ಯಾರಿಗೂ ಕಷ್ಟವಲ್ಲ. ತನ್ನ ಬಾಯಿಯದು ಮಾತ್ರ ತನಗೆ ತಿಳಿಯದು. ಸದಾ ಜೊತೆಯಲ್ಲಿಯೇ ಇರುವ ವಾಸನೆಗೆ ಮೂಗು ಒಗ್ಗಿಹೋಗಿರುತ್ತದೆ. ಸುತ್ತಲಿನವರಾದರೋ ಸಂಕೋಚದಿಂದ ಬಾಯಿಬಿಟ್ಟು ಹೇಳಲಾರರು. ಮುಖ ತಿರುಗಿಸಿ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ತರಗತಿಯಲ್ಲಿ ಒಬ್ಬ ಬಾಲಕನ ಪಕ್ಕದ ಸ್ಥಳ ದಿನದಿನಕ್ಕೆ ತೆರವಾಗುತ್ತದೆ. ಕಾರಣವೇನೆಂಬುದು ಅವನೊಬ್ಬನಿಗೇ ಗೊತ್ತಿರುವುದಿಲ್ಲ. ಹಲ್ಲುಜ್ಜದ ಕೊಳಕನೆಂದು ಉಳಿದವರು ತೀರ್ಮಾನಿಸಿಬಿಡುತ್ತಾರೆ. ಈ ತೀರ್ಮಾನ ಎಷ್ಟೋ ವೇಳೆ ತಪ್ಪು.

ಹೊಟ್ಟೆ ಕೆಟ್ಟರೆ ಬಾಯಿ ನಾರುತ್ತದೆಂಬ ನಂಬಿಕೆ ಜನರಲ್ಲಿ ಬೇರೂರಿದೆ. ವಾಸ್ತವವಾಗಿ ಹತ್ತು ಮಂದಿಯಲ್ಲಿ ಎಂಟು ಒಂಬತ್ತು ಮಂದಿಗೆ ದುರ್ಗಂಧದ ಮೂಲ ಬಾಯಿಯಲ್ಲಿಯೇ ಇರುತ್ತದೆ. 1683ರಲ್ಲಿ ಹಾಲೆಂಡಿನ ಡೆಲ್ಫ್ಟ್ ನಗರದ ಬಟ್ಟೆಯ ವ್ಯಾಪಾರಿ ಲೇವೆನ್‌ಹುಕ್ ತನ್ನ ಹಲ್ಲುಗಳ ಸಂದಿನ ಬಿಳಿಯ ಲೋಳೆಯನ್ನು ಕೆರೆದು, ತಾನೇ ರಚಿಸಿದ ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದನು. ಅಲ್ಲಿ ಅಸಂಖ್ಯಾತ ಕಿರುಜೀವಿಗಳು ಚುರುಕಾಗಿ ಚಲಿಸುತ್ತಿದ್ದವು. ಈ ಸಂಗತಿಯನ್ನು ಅವನು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ತಿಳಿಸಿದನು. ಅವನಾದರೂ ನಿತ್ಯವೂ ಉಪ್ಪಿನಿಂದ ಹಲ್ಲು ತಿಕ್ಕುತ್ತಿದ್ದವನೇ!

ಇಂತಹ ಬ್ಯಾಕ್ಟೀರಿಯಗಳಲ್ಲಿ ಗಾಳಿಯಾಡದ ಎಡೆಯಲ್ಲಿ ಬದುಕುವ ಕೆಲವು, ಆಹಾರದ ತುಣುಕಿನಲ್ಲಿಯೂ ಸತ್ತ ಜೀವಕೋಶಗಳಲ್ಲಿಯೂ ಇರುವ ಪ್ರೋಟೀನನ್ನು ಒಡೆದು ಗಂಧಕದ ಅನಿಲಗಳನ್ನು ಹೊರಬಿಡುತ್ತವೆ. ಕೊಳೆತ ಮೊಟ್ಟೆಯ ನಾತಕ್ಕೆ ಕಾರಣವಾದ ಹೈಡ್ರೋಜನ್ ಸಲ್ಫೈಡ್ ಅವುಗಳಲ್ಲೊಂದು. ಹುಳುಕು ಹಲ್ಲಿನ ಕುಳಿ, ಊದಿದ ವಸಡಿನ ಸಂದು ಇವುಗಳ ಬೀಡು. ಆದರೆ ಹಲವರು ಮರೆಯುವ ಬೀಡೆಂದರೆ ನಾಲಿಗೆಯ ಹಿಂಭಾಗ. ಹಲ್ಲನ್ನು ಎಷ್ಟು ಉಜ್ಜಿದರೂ ಅಲ್ಲಿನ ಕೊಳೆ ಅಲ್ಲಿಯೇ ಉಳಿಯುತ್ತದೆ. ಚರಕಸಂಹಿತೆ ಇದನ್ನು ಬಹು ಹಿಂದೆಯೇ ಗುರುತಿಸಿದೆ. ನಾಲಿಗೆಯ ಬುಡದಲ್ಲಿ ಸೇರಿದ ಕೊಳೆಯಿಂದ ದುರ್ಗಂಧ ಹುಟ್ಟುವುದೆಂದು ತಿಳಿಸಿ, ಅದನ್ನು ಹೆರೆಯಲು ಚಿನ್ನ, ಬೆಳ್ಳಿ, ತಾಮ್ರ, ತವರ ಅಥವಾ ಹಿತ್ತಾಳೆಯ, ಹರಿತವಲ್ಲದ ಬಾಗಿದ ಸಾಧನವನ್ನು ಅದು ಹೇಳುತ್ತದೆ. ಬೇವಿನ ಕಡ್ಡಿಯಿಂದ ಹಲ್ಲುಜ್ಜಿ, ಅದನ್ನೇ ಸೀಳಿ ಬಾಗಿಸಿ ನಾಲಿಗೆ ಹೆರೆದುಕೊಳ್ಳುತ್ತಿದ್ದ ಹಳ್ಳಿಯ ಹಿರಿಯರಿಗೆ ಚಿನ್ನವಿರಲಿಲ್ಲ. ಕೆಲಸ ಮಾತ್ರ ನಡೆಯುತ್ತಿತ್ತು.

ಬಾಯಿಯನ್ನು ಸದಾ ತೊಳೆಯುತ್ತಿರುವುದು ಜೊಲ್ಲು. ನಿದ್ರೆಯಲ್ಲಿ ಅದು ಕಡಿಮೆಯಾಗುವುದರಿಂದಲೇ ಬೆಳಗಿನ ಬಾಯಿ ಎಲ್ಲರಿಗೂ ಅಷ್ಟಿಷ್ಟು ನಾರುತ್ತದೆ. ಮೂಗು ಕಟ್ಟಿ ಬಾಯಿಯಿಂದ ಉಸಿರಾಡುವವರಿಗೂ, ಕೆಲವು ಔಷಧಿಗಳನ್ನು ಸೇವಿಸುವವರಿಗೂ ಬಾಯಿ ಒಣಗಿ ಈ ತೊಂದರೆ ಹೆಚ್ಚುತ್ತದೆ. ಬೆಳ್ಳುಳ್ಳಿಯ ರೀತಿಯೇ ಬೇರೆ. ಅದರ ಘಾಟಿನ ಅಂಶ ರಕ್ತವನ್ನು ಸೇರಿ, ಶ್ವಾಸಕೋಶದ ಮೂಲಕ ಉಸಿರಿನೊಡನೆ ಹೊರಬರುತ್ತದೆ. ಬಾಯಿ ತೊಳೆದು ಫಲವಿಲ್ಲ.

ಎಳೆಯ ಮಕ್ಕಳು ಆಟದ ಭರದಲ್ಲಿ ಕಡಲೆಕಾಳನ್ನೋ ಮಣಿಯನ್ನೋ ಮೂಗಿಗೆ ತುರುಕಿಕೊಂಡು ಮರೆತುಬಿಡುವುದುಂಟು. ಕೆಲವು ದಿನಗಳ ಬಳಿಕ ಒಂದೇ ಹೊಳ್ಳೆಯಿಂದ ಕೀವು ಸೋರಿ ಉಸಿರು ನಾರತೊಡಗುತ್ತದೆ. ವೈದ್ಯರು ಆ ಕಾಳನ್ನು ತೆಗೆದರೆ ನಾತವೂ ಅಡಗುತ್ತದೆ.

ಉಸಿರು ದೇಹದ ಒಳಗಿನ ಸುದ್ದಿಯನ್ನೂ ಹೊತ್ತು ತರಬಲ್ಲದು. ಮಧುಮೇಹ ಹತೋಟಿ ತಪ್ಪಿದಾಗ ದೇಹ ಸಕ್ಕರೆಯನ್ನು ಬಳಸಲಾರದೆ ಕೊಬ್ಬನ್ನು ಕರಗಿಸುತ್ತದೆ. ಆಗ ಹುಟ್ಟುವ ಅಸಿಟೋನಿನಿಂದ ಉಸಿರು ಕಳಿತ ಹಣ್ಣಿನಂತೆ ಸಿಹಿಯಾಗಿ ನಾರುತ್ತದೆ. ಇದರೊಡನೆ ವಾಂತಿಯೂ ಏದುಸಿರೂ ಕಂಡರೆ ರೋಗಿಯನ್ನು ಒಡನೆಯೇ ಆಸ್ಪತ್ರೆಗೆ ಒಯ್ಯಬೇಕು. ತಡವಾದರೆ ಪ್ರಾಣಕ್ಕೆ ಅಪಾಯ. ಮೂತ್ರಪಿಂಡಗಳು ಸೋತವರ ಉಸಿರಿನಲ್ಲಿ ಅಮೋನಿಯದ ವಾಸನೆ ಇರುತ್ತದೆ. ಅಪರೂಪಕ್ಕೆ ಕೆಲವರಲ್ಲಿ ಹುಟ್ಟಿನಿಂದಲೇ ಯಕೃತ್ತಿನ ಒಂದು ಕಿಣ್ವದ ಕೊರತೆಯಿದ್ದು, ಮೀನು ಮೊಟ್ಟೆಗಳನ್ನು ತಿಂದಾಗ ಉಸಿರೂ ಬೆವರೂ ಮೀನಿನಂತೆ ನಾರುತ್ತವೆ. ಎಷ್ಟು ಶುಚಿಯಾಗಿದ್ದರೂ ಅವರು ಅದನ್ನು ತಡೆಯಲಾರರು.

ಇದಕ್ಕೆ ವಿರುದ್ಧವಾಗಿ, ದುರ್ಗಂಧವೇ ಇಲ್ಲದಿದ್ದರೂ ಇದೆಯೆಂದು ಕೊರಗುವವರಿದ್ದಾರೆ. ಲವಂಗ ಜಗಿಯುತ್ತ, ಅಂಗೈಯಿಂದ ಬಾಯಿ ಮರೆಮಾಡಿಕೊಂಡು ಮಾತನಾಡುವ ಇವರು, ಎದುರಿನವನು ಸುಮ್ಮನೆ ಮೂಗು ಸವರಿಕೊಂಡರೂ ಕುಗ್ಗಿಹೋಗುತ್ತಾರೆ. ತಾಯಿಯನ್ನೋ ಅಣ್ಣನನ್ನೋ ಕೇಳಿದರೆ ನಿಜಸ್ಥಿತಿ ತಿಳಿದೀತು. ತರಗತಿಯಲ್ಲಿ ಒಂಟಿಯಾಗಿ ಕುಳಿತ ಆ ಬಾಲಕನಿಗೂ ಬೇಕಾಗಿರುವುದು, ಮರೆಗೆ ಕರೆದು ಮೆಲ್ಲಗೆ ಹೇಳುವ ಒಬ್ಬ ಗೆಳೆಯ. ಅನಂತರ ಅವನ ಹಲ್ಲು, ವಸಡುಗಳನ್ನು ಪರೀಕ್ಷಿಸಲು ದಂತವೈದ್ಯರಿಗೆ ಹೆಚ್ಚು ಹೊತ್ತು ಹಿಡಿಯದು.